ಶಾಲಾ ಮಕ್ಕಳಲ್ಲಿ ಕೀಲುಗಳ ಅತಿಸಡಿಲತೆ

ಕೀಲುಗಳು ವಾಡಿಕೆಯ ಮಿತಿ ದಾಟಿ ಬಾಗುವುದಕ್ಕೆ ಅತಿಸಡಿಲತೆ ಅಥವಾ ಹೈಪರ್‌ಮೊಬಿಲಿಟಿ ಎನ್ನುತ್ತಾರೆ. ಅದಷ್ಟೇ ಇದ್ದರೆ ಕಾಯಿಲೆಯಲ್ಲ. ಶಾಲಾ ವಯಸ್ಸಿನ ಎಷ್ಟು ಮಕ್ಕಳಲ್ಲಿ ಇದು ಕಾಣುತ್ತದೆ ಎಂಬುದಕ್ಕೆ ಪ್ರಕಟವಾದ ಅಧ್ಯಯನಗಳಲ್ಲಿ ಶೇ. 7ರಿಂದ ಶೇ. 58.7ರವರೆಗೆ ಉತ್ತರಗಳಿವೆ. ಇಷ್ಟು ದೊಡ್ಡ ಅಂತರಕ್ಕೆ ಮಕ್ಕಳ ಮೈಕಟ್ಟಿಗಿಂತ ಅಳೆಯುವವರು ಎಳೆದ ಗೆರೆ ಮತ್ತು ಆರಿಸಿಕೊಂಡ ವಯಸ್ಸೇ ಹೆಚ್ಚು ಕಾರಣ.

ಹುಟ್ಟಿನಿಂದಲೇ ಸೊಂಟದ ಕೀಲು ಜಾರಿರುವುದರ ಕಾರಣ ಹುಡುಕುತ್ತಿದ್ದ ಕಾರ್ಟರ್ ಮತ್ತು ವಿಲ್ಕಿನ್ಸನ್ 1964ರಲ್ಲಿ ಐದು ಪರೀಕ್ಷೆಗಳನ್ನು ಗೊತ್ತುಮಾಡಿದರು. ಮೂರರಲ್ಲಿ ಕೀಲು ಅತಿಯಾಗಿ ಬಾಗಿದರೆ ಅತಿಸಡಿಲತೆ ಎಂದು ಎಣಿಸಿದಾಗ, 6ರಿಂದ 11 ವರ್ಷದ ಶಾಲಾ ಮಕ್ಕಳಲ್ಲಿ ಸುಮಾರು ಶೇ. 7 ಮಂದಿ ಸಿಕ್ಕರು. ದಕ್ಷಿಣ ಆಫ್ರಿಕಾದ ತ್ಸ್ವಾನಾ ಜನರನ್ನು ಪರೀಕ್ಷಿಸಿದ ಬೈಟನ್ ಮತ್ತು ಸಂಗಡಿಗರು 1973ರಲ್ಲಿ ಒಂಬತ್ತು ಅಂಕಗಳ ಪದ್ಧತಿ ತಂದರು. ಕಿರುಬೆರಳು 90 ಡಿಗ್ರಿ ಮೀರಿ ಹಿಂದಕ್ಕೆ ಬಾಗುವುದು, ಹೆಬ್ಬೆರಳು ಮುಂಗೈಗೆ ತಾಗುವುದು, ಮೊಣಕೈ ಮತ್ತು ಮೊಣಕಾಲು 10 ಡಿಗ್ರಿಗಿಂತ ಹೆಚ್ಚು ಹಿಂಬಾಗುವುದು ಎಡಬಲಗಳಿಗೆ ಒಂದೊಂದರಂತೆ ಎಂಟು ಅಂಕ. ಮೊಣಕಾಲು ಮಡಿಸದೆ ಅಂಗೈಗಳನ್ನು ನೆಲಕ್ಕೂರಿದರೆ ಒಂಬತ್ತನೆಯದು. ಪದ್ಧತಿ ಎಲ್ಲೆಡೆ ನೆಲೆಯೂರಿತು, ಆದರೆ ಎಷ್ಟು ಅಂಕಕ್ಕೆ ಗೆರೆ ಎಂಬ ಒಮ್ಮತ ಮೂಡಲಿಲ್ಲ.

ಮುಂಬಯಿಯಲ್ಲಿ 3ರಿಂದ 19 ವರ್ಷದ 829 ಮಕ್ಕಳನ್ನು ಪರೀಕ್ಷಿಸಿದ 2008ರ ವರದಿ ಶೇ. 58.7 ಎಂದಿತು. ಭಾರತೀಯರ ಕೀಲುಗಳೇ ಹೆಚ್ಚು ಸಡಿಲ, ಹಾಗಾಗಿ ಈ ಸಂಖ್ಯೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲವೆಂದಲ್ಲ, ಆದರೆ 2011ರಲ್ಲಿ ನೆದರ್ಲೆಂಡ್ಸ್‌ನ 6ರಿಂದ 12 ವರ್ಷದ 551 ಮಕ್ಕಳಲ್ಲೂ ಶೇ. 35ಕ್ಕೂ ಹೆಚ್ಚು ಮಂದಿ ಐದಕ್ಕಿಂತ ಹೆಚ್ಚು ಅಂಕ ಪಡೆದರು. ಅದೇ ವರ್ಷ ಇಂಗ್ಲೆಂಡಿನ ಏವನ್‌ನ 14 ವರ್ಷದವರಲ್ಲಿ ನಾಲ್ಕಕ್ಕೆ ಗೆರೆಯೆಳೆದಾಗ ಹುಡುಗಿಯರಲ್ಲಿ ಶೇ. 27.5, ಹುಡುಗರಲ್ಲಿ ಶೇ. 10.6 ಬಂತು. ವಯಸ್ಸು ಏರಿದಂತೆ ಕೀಲು ಬಿಗಿಯಾಗುತ್ತದೆ. ಹರೆಯಕ್ಕೆ ಬಂದ ಹುಡುಗಿಯರಲ್ಲಿ ಹುಡುಗರಿಗಿಂತ ಸಡಿಲತೆ ಹೆಚ್ಚು. ಅತಿಸಡಿಲತೆ ಒಂದು ಲಕ್ಷಣವಾಗಿರುವ ಏಲರ್ಸ್-ಡ್ಯಾನ್ಲೋಸ್ ರೋಗಗುಂಪಿನ 2017ರ ಅಂತರರಾಷ್ಟ್ರೀಯ ವರ್ಗೀಕರಣ ಹರೆಯಕ್ಕೆ ಮುಂಚಿನ ಮಕ್ಕಳಿಗೆ ಗೆರೆಯನ್ನು ಆರಕ್ಕೆ ಏರಿಸಿದ್ದೂ ಚಿಕ್ಕವರ ಕೀಲು ಹೆಚ್ಚು ಸಡಿಲವೆಂಬುದಕ್ಕೇ.

ಆದ್ದರಿಂದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಿಗೆ ಮುಂಬಯಿಯ ಅಥವಾ ಏವನ್‌ನ ಸಂಖ್ಯೆಯನ್ನು ಎರವಲು ತಂದು ಹಚ್ಚುವುದು ಸರಿಯಲ್ಲ. ಜೊತೆಗೆ ಈ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಅದರಿಂದ ಬರುವ ಫ್ಲೋರೋಸಿಸ್ ಎಲುಬಿಗೆ ತಾಗಿದರೆ ಕೀಲು ನೋಯುತ್ತದೆ, ಬಿಗಿಯುತ್ತದೆ. ಹಾಗಾಗಿ ಇಲ್ಲಿ ಮಗುವಿನ ಕೀಲುನೋವನ್ನು ಸಡಿಲತೆಯ ಲೆಕ್ಕಕ್ಕೆ ಬರೆಯುವ ಮುನ್ನ ಕುಡಿಯುವ ನೀರನ್ನೂ ವಿಚಾರಿಸಬೇಕು. ಮೂಲ ತಾಲೂಕುಗಳಿಂದ ಚಡಚಣ, ತಾಳಿಕೋಟೆ, ದೇವರ ಹಿಪ್ಪರಗಿ, ಕೊಲ್ಹಾರ, ನಿಡಗುಂದಿ ಬೇರೆಯಾಗಿರುವುದರಿಂದ, ತಾಲೂಕುವಾರು ಎಣಿಸುವಾಗ ಹಳೆಯ ಗಡಿಯೋ ಹೊಸದೋ ಎಂಬುದನ್ನೂ ನಮೂದಿಸಬೇಕು. ಹೀಗೆ ಏರುಪೇರಾಗುವ ಗೆರೆಯನ್ನು ಬಿಟ್ಟರೆ ವೈದ್ಯರು ನಿರ್ಧಾರ ಮಾಡುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚಿಕಿತ್ಸೆಗೆ ಗೆರೆ ಬೇಕು. ಜನಸಮುದಾಯದ ಎಣಿಕೆಗೆ ಪ್ರತಿ ಮಗುವಿನ ಪೂರ್ತಿ ಅಂಕ, ವಯಸ್ಸು, ಲಿಂಗ, ನೋವು ನಾಲ್ಕೂ ಬೇಕು. ಹೆಚ್ಚಿನವರಿಗೆ ತೊಂದರೆಯೇ ಇಲ್ಲದಿದ್ದರೆ ಎಣಿಸುವುದೇಕೆ ಎನ್ನುವವರಿಗೆ ಏವನ್‌ನ ಮುಂದುವರಿದ ಅಧ್ಯಯನವೇ ಉತ್ತರ: 14ರಲ್ಲಿ ಅತಿಸಡಿಲತೆಯಿದ್ದವರಿಗೆ 18ರ ಹೊತ್ತಿಗೆ ಮೊಣಕಾಲು, ಭುಜ, ಪಾದದ ನೋವಿನ ಸಂಭವ ಸುಮಾರು ಇಮ್ಮಡಿಯಾಗಿತ್ತು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆಯಲ್ಲಿ ಈ ಒಂಬತ್ತು ಅಂಕಗಳನ್ನೂ ಬರೆದಿಟ್ಟರೆ, ಬರೀ ಬಳುಕುವ ಮಗುವಿಗೆ ರೋಗಿಯ ಹಣೆಪಟ್ಟಿ ತಪ್ಪುತ್ತದೆ, ನೋಯುವ ಮಗುವಿಗೆ ಆರೈಕೆ ಬೇಗ ಸಿಗುತ್ತದೆ.