ಖಾಲಿ ಪೆಟ್ಟಿಗೆಯ ಭಯ

ಬೆದರಿದ ಪ್ರಾಣಿ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಪ್ರಯೋಗಾಲಯಗಳು ಕೊಟ್ಟ ಉತ್ತರದಲ್ಲಿ ಪ್ರಾಣಿಯ ಪಾಲೆಷ್ಟೋ ಅದನ್ನು ಕೂಡಿಹಾಕಿದ ಪೆಟ್ಟಿಗೆಯ ಪಾಲೂ ಅಷ್ಟೇ ಇತ್ತೆಂದು ನನಗೆ ತೋರುತ್ತದೆ.

ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ಕಾದಾಟಕ್ಕೋ ಓಟಕ್ಕೋ ದೇಹ ಸಜ್ಜಾಗುವ ಬಗೆಯನ್ನು ವಿವರಿಸಿದಾಗ ಗಮನವೆಲ್ಲ ಅಡ್ರಿನಲಿನ್ ಮೇಲಿತ್ತು. ಪ್ರಾಣಿ ಎಲ್ಲಿ ನಿಂತಿದೆ ಎಂಬುದು ಗೌಣವಾಗಿತ್ತು. ರಕ್ಷಣೆಯನ್ನು ಕಲಿಕೆಯ ಫಲವೆಂದೇ ನೋಡುತ್ತಿದ್ದ ವರ್ತನವಾದಿಗಳ ವಿರುದ್ಧ 1970ರಲ್ಲಿ ರಾಬರ್ಟ್ ಬೋಲ್ಸ್ ತಿರುಗಿಬಿದ್ದರು. ಬೇಟೆಗಾರ ಪ್ರಾಣಿಯ ಬಾಯಿಗೆ ಬಿದ್ದು ಬಿದ್ದು ಪಾಠ ಕಲಿಯುವಷ್ಟು ಆಯುಸ್ಸು ಇಲಿಗೆಲ್ಲಿ? ಓಡುವುದು, ಕದಲದೆ ನಿಲ್ಲುವುದು, ತಿರುಗಿ ಕಚ್ಚುವುದು ಹುಟ್ಟಿನಿಂದಲೇ ಬಂದವು ಎಂಬುದು ಅವರ ವಾದ. ಆದರೆ ಯಾವ ಗಳಿಗೆಯಲ್ಲಿ ಯಾವುದು? ಹವಾಯಿಯ ರಾಬರ್ಟ್ ಮತ್ತು ಕ್ಯಾರೊಲಿನ್ ಬ್ಲಾಂಚರ್ಡ್ ದಂಪತಿ ಇಲಿಗಳ ಎದುರು ಬೆಕ್ಕನ್ನೇ ತಂದು ಪರೀಕ್ಷಿಸಿದರು. ಪಾರಾಗುವ ದಾರಿಯಿದ್ದರೆ ಇಲಿ ಓಡುತ್ತಿತ್ತು, ಇಲ್ಲದಿದ್ದರೆ ಕದಲದೆ ಕೂರುತ್ತಿತ್ತು. ಬೆಕ್ಕು ಅದೇ, ಬದಲಾದದ್ದು ಜಾಗ.

ಈ ಸುಳಿವನ್ನು ಹಿಡಿದು ಮುಂದೆ ಹೋದವರು ಕಡಿಮೆ. ಗಡಿಯಾರ ಹಿಡಿದು ಅಳೆಯಲು ಸ್ತಬ್ಧತೆಯಷ್ಟು ಅನುಕೂಲದ ವರ್ತನೆ ಇನ್ನೊಂದಿಲ್ಲ. ಹಾಗಾಗಿ ಬಾಗಿಲಿಲ್ಲದ ಪೆಟ್ಟಿಗೆಯೇ ಭಯದ ಅಳತೆಗೋಲಾಯಿತು. ಆದರೂ ಅದೇ ಪೆಟ್ಟಿಗೆಯಿಂದ ಒಂದು ದೊಡ್ಡ ಸಂಗತಿ ಹೊರಬಂತು. 1992ರಲ್ಲಿ ಜೀನ್ಸೂಕ್ ಕಿಮ್ ಮತ್ತು ಮೈಕೆಲ್ ಫ್ಯಾನ್ಸೆಲೊ ಇಲಿಗಳಿಗೆ ಶಬ್ದದೊಡನೆ ವಿದ್ಯುದಾಘಾತ ಕೊಟ್ಟು, ಬಳಿಕ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಗಾಯ ಮಾಡಿದರು. ಮರುದಿನವೇ ಗಾಯವಾದ ಇಲಿಗಳಿಗೆ ಪೆಟ್ಟಿಗೆಯ ಭಯ ಉಳಿಯಲಿಲ್ಲ, ಶಬ್ದದ ಭಯ ಮಾತ್ರ ಉಳಿಯಿತು. 28 ದಿನ ಕಳೆದು ಗಾಯ ಮಾಡಿದಾಗ ಪೆಟ್ಟಿಗೆಯ ಭಯವೂ ಅಳಿಯಲಿಲ್ಲ. ಜಾಗದ ನೆನಪಿಗೆ ಮೆದುಳಿನಲ್ಲಿ ಬೇರೆಯೇ ದಾರಿಯಿದೆ, ಕಾಲ ಸರಿದಂತೆ ಆ ನೆನಪಿನ ನೆಲೆಯೂ ಬದಲಾಗುತ್ತದೆ ಎಂದಾಯಿತು.

ಇಲ್ಲಿ ಜಾಗವೆಂದರೆ ಆಘಾತದ ಗುರುತು ಮಾತ್ರ. ಅದನ್ನು ಆಸರೆಯಾಗಿ ನೋಡಲು ಇನ್ನೂ ಎರಡು ದಶಕ ಬೇಕಾಯಿತು. 2013ರಲ್ಲಿ ಮೆಲಿಸ್ ಯಿಲ್ಮಾಜ್ ಮತ್ತು ಮಾರ್ಕಸ್ ಮೈಸ್ಟರ್ ಚಿಕ್ಕ ಇಲಿಗಳ ತಲೆಯ ಮೇಲಿನ ಪರದೆಯಲ್ಲಿ ಕಪ್ಪು ವೃತ್ತವೊಂದನ್ನು ಹಿಗ್ಗಿಸಿದರು. ಮೇಲಿನಿಂದ ಎರಗುವ ಹಕ್ಕಿಯ ನೆರಳಿನಂತೆ. ಇಲಿಗಳು ಗೂಡಿನತ್ತ ಓಡಿದವು, ಇಲ್ಲವೇ ನಿಂತಲ್ಲೇ ಸ್ತಬ್ಧವಾದವು. 2017ರಲ್ಲಿ ರೂಬೆನ್ ವೇಲ್, ಟಿಯಾಗೊ ಬ್ರಾಂಕೊ ಮತ್ತು ಸಂಗಡಿಗರು ಇನ್ನೂ ಆಳಕ್ಕೆ ಹೋದರು. 20 ಸೆಕೆಂಡಿಗೂ ಕಡಿಮೆ ಅವಧಿಯ ಒಂದೇ ಭೇಟಿ ಸಾಕು, ಅಡಗುತಾಣದ ನೆಲೆ ಇಲಿಯ ನೆನಪಿನಲ್ಲಿ ಕೂರುತ್ತದೆ. ಅಪಾಯ ಕಂಡಾಗ ಅದು ಓಡುವುದು ಕಣ್ಣಿಗೆ ಕಾಣುವ ಗೂಡಿನತ್ತ ಅಲ್ಲ, ನೆನಪಿನಲ್ಲಿರುವ ತಾಣದತ್ತ. ಅಡಗುತಾಣವೇ ಇಲ್ಲದ ಅಂಗಳದಲ್ಲಿ ಅದು ಓಟ ಬಿಟ್ಟು ಸ್ತಬ್ಧವಾಗುತ್ತದೆ. ಬ್ಲಾಂಚರ್ಡ್ ದಂಪತಿ ಕಂಡದ್ದೂ ಇದನ್ನೇ.

ಅದೇ ಬಳಗದ 2023ರ ಸಂಶೋಧನೆ ಇಲಿಯನ್ನು ಅಡಗುತಾಣದತ್ತ ತಿರುಗಿಸುವ ಈ ದಿಕ್ಸೂಚಿಯ ಜಾಡು ಹಿಡಿಯಿತು. ಮೆದುಳಿನ ಹೊರಪದರದ ರೆಟ್ರೊಸ್ಪ್ಲೀನಿಯಲ್ ಭಾಗದಿಂದ ಮಧ್ಯಮೆದುಳಿನ ಸುಪೀರಿಯರ್ ಕಾಲಿಕ್ಯುಲಸ್ಸಿಗೆ ಹೋಗುವ ತಂತುಗಳನ್ನು ಸುಮ್ಮನಾಗಿಸಿದಾಗ, ಇಲಿಗಳು ಆಸರೆಯತ್ತ ತಿರುಗುವುದರಲ್ಲಿ ಎಡವಿದವು.