ಬಾವಾಂಗ್ ರೋಸ್: ನಮ್ಮೂರ ಈರುಳ್ಳಿಯ ಕಥೆ



ಮುಂದಿನ ಸಲ ಅಮ್ಮನ ಜೊತೆ ಪಸಾರಿಗೆ ಹೋದಾಗ ಈರುಳ್ಳಿ ಬುಟ್ಟಿಗಳ ಮುಂದೆ ಒಂದು ನಿಮಿಷ ನಿಲ್ಲಿ. ದಪ್ಪ ಈರುಳ್ಳಿಯ ಪಕ್ಕದಲ್ಲಿ ಪುಟ್ಟದಾದ, ತುಸು ಚಪ್ಪಟೆಯಾದ, ಕಡುಗೆಂಪು ಬಣ್ಣದ ಇನ್ನೊಂದು ಈರುಳ್ಳಿ ಇರುತ್ತದೆ. ಅಂಗಡಿಯವರು ಅದನ್ನು ‘ಬಾವಾಂಗ್ ರೋಸ್’ ಅನ್ನುತ್ತಾರೆ. ಅದರ ಪೂರ್ತಿ ಹೆಸರು ಗೊತ್ತೇ? ಬೆಂಗಳೂರು ರೋಸ್ ಈರುಳ್ಳಿ!

ನನಗೂ ಇದು ಗೊತ್ತಾದದ್ದು ಮಲೇಷ್ಯಾಕ್ಕೆ ಬಂದ ಮೇಲೆಯೇ. ಕನ್ನಡ ಎಂಎ ಓದಿದೆ, ಬೆಂಗಳೂರಿನಲ್ಲಿ ಇದ್ದೆ. ಆದರೆ ನಮ್ಮ ಮನೆಯಲ್ಲಿ ಯಾರೂ ಈ ಈರುಳ್ಳಿ ಹೆಚ್ಚಿದ್ದನ್ನು ನೋಡಿರಲಿಲ್ಲ. ನಮ್ಮೂರ ಬೆಳೆಯನ್ನು ಪರದೇಶದಲ್ಲಿ ಮೊದಲು ಕಂಡೆನಲ್ಲ, ಯಾಕೆ ಹೀಗೆ? ಇವತ್ತಿನ ಮಾತು ಅದರ ಬಗ್ಗೆ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ರೈತರು ಇದನ್ನು ಬೆಳೆಯುತ್ತಾರೆ. ಖಾರ ಜಾಸ್ತಿ, ಬಣ್ಣ ಗಾಢ, ಉಪ್ಪಿನಕಾಯಿಗೆ ಹೇಳಿ ಮಾಡಿಸಿದ ಗಾತ್ರ. ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಶ್ರೀಲಂಕಾಗಳಲ್ಲಿ ಇದಕ್ಕೆ ಬೇಡಿಕೆ ಬೆಳೆಯಿತು. ಮೂಟೆಗಳು ಚೆನ್ನೈ ಬಂದರಿನಿಂದ ಹಡಗು ಹತ್ತಿ ಬಂಗಾಳ ಕೊಲ್ಲಿ ದಾಟಿ ಬರುತ್ತವೆ. 2015ರಲ್ಲಿ ಈ ಈರುಳ್ಳಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಅಂದರೆ, ಆ ಸೀಮೆಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು.

ಆದರೆ ಊರಿನಲ್ಲಿ ಇದನ್ನು ಕೊಳ್ಳುವವರು ಕಡಿಮೆ. ಸಾರು, ಪಲ್ಯಕ್ಕೆ ನಮ್ಮವರಿಗೆ ದಪ್ಪ ಈರುಳ್ಳಿಯೇ ಆಗಬೇಕು. ಹಾಗಾಗಿ ಬೆಳೆಯ ಹೆಚ್ಚಿನ ಪಾಲು ರಫ್ತನ್ನೇ ನಂಬಿಕೊಂಡಿತು. ಕಷ್ಟ ಶುರುವಾದದ್ದು ಅಲ್ಲಿ.

ಭಾರತದಲ್ಲಿ ಈರುಳ್ಳಿ ಬೆಲೆ ಏರಿದರೆ ಸರ್ಕಾರಗಳಿಗೆ ನಿದ್ದೆ ಬರುವುದಿಲ್ಲ. 1998ರ ದೆಹಲಿ ಚುನಾವಣೆಯಲ್ಲಿ ಈರುಳ್ಳಿ ಬೆಲೆಯೇ ದೊಡ್ಡ ಮಾತಾಗಿತ್ತು. ಬೆಲೆ ಇಳಿಸಲು ಇರುವ ಸುಲಭದ ದಾರಿ, ರಫ್ತು ನಿಲ್ಲಿಸುವುದು. 2019ರ ಸೆಪ್ಟೆಂಬರ್ 29ರಂದು ಎಲ್ಲ ಈರುಳ್ಳಿಯ ರಫ್ತಿಗೂ ನಿಷೇಧ ಬಂತು. ಊರಿನವರು ಹೆಚ್ಚು ತಿನ್ನದ ರೋಸ್ ಈರುಳ್ಳಿಯೂ ಅದರಲ್ಲಿ ಸಿಕ್ಕಿಕೊಂಡಿತು! ಒಂದು ತಿಂಗಳಾದ ಮೇಲೆ 9,000 ಟನ್ ಮಾತ್ರ, ಅದೂ ಚೆನ್ನೈ ಬಂದರಿನಿಂದ ಮಾತ್ರ ಕಳಿಸಬಹುದು ಎಂದು ವಿನಾಯಿತಿ ಕೊಟ್ಟರು. 2020ರಲ್ಲಿ ಮತ್ತೆ ನಿಷೇಧ, ಮತ್ತೆ 10,000 ಟನ್ನಿಗೆ ವಿನಾಯಿತಿ. 2023ರ ಆಗಸ್ಟ್‌ನಲ್ಲಿ ಶೇ. 40ರ ರಫ್ತು ಸುಂಕ. ಸೆಪ್ಟೆಂಬರ್ ಕೊನೆಗೆ ರೋಸ್ ಈರುಳ್ಳಿಗೆ ಅದರಿಂದ ಬಿಡುಗಡೆ.

ಪ್ರತಿ ಸಲವೂ ವಿನಾಯಿತಿ ಬಂತಲ್ಲ, ಮತ್ತೇನು ಅಂತ ಕೇಳಬಹುದು. ಆದರೆ ಕಿತ್ತ ಈರುಳ್ಳಿ ಸರ್ಕಾರದ ಆದೇಶಕ್ಕಾಗಿ ಕಾಯುವುದಿಲ್ಲ. ಕೊಳೆಯುತ್ತದೆ, ಇಲ್ಲವೇ ಮೊಳಕೆ ಒಡೆಯುತ್ತದೆ. ಆ ಒಂದು ತಿಂಗಳಲ್ಲಿ ರೈತರ ಮನೆಯ ವರ್ಷದ ಲೆಕ್ಕವೇ ತಲೆಕೆಳಗಾಗಬಹುದು. ಇಲ್ಲಿನ ಅಂಗಡಿಯವರೂ ಬೇರೆ ದೇಶದ ಈರುಳ್ಳಿಯ ಕಡೆ ತಿರುಗುತ್ತಾರೆ.

ಈಗ ನಿಮ್ಮ ಇಷ್ಟದ ಡುರಿಯನ್ ನೋಡಿ. ಮುಸಾಂಗ್ ಕಿಂಗ್ ತಳಿ ಡಿ197 ಎಂದು ನೋಂದಣಿಯಾದದ್ದು 1993ರಲ್ಲಿ. ಚೀನಾಕ್ಕೆ 2011ರಲ್ಲಿ ಅದರ ಹೆಪ್ಪುಗಟ್ಟಿಸಿದ ತೊಳೆ ಹೋಯಿತು, 2019ರಲ್ಲಿ ಹೆಪ್ಪುಗಟ್ಟಿಸಿದ ಇಡೀ ಹಣ್ಣು, 2024ರಲ್ಲಿ ತಾಜಾ ಹಣ್ಣು. ಇಷ್ಟೆಲ್ಲ ರಫ್ತಿಗೂ ಮೊದಲೇ ಇಲ್ಲಿನ ಜನ ರಸ್ತೆ ಬದಿಯಲ್ಲಿ ಕೂತು ಅದನ್ನು ತಿನ್ನುತ್ತಿದ್ದರು. ಹೊರಗಿನ ಬಾಗಿಲು ಮುಚ್ಚಿದರೂ ಒಳಗೆ ಕೊಳ್ಳುವವರಿದ್ದಾರೆ. ನಮ್ಮ ಈರುಳ್ಳಿಗೆ ಇಲ್ಲದ್ದು ಇದೇ. ಹೊರಗೆ ಹೆಸರು ಮಾಡಿದರೆ ಸಾಲದು, ಊರಲ್ಲೂ ತಿನ್ನುವವರು ಬೇಕು.

ಇದರಲ್ಲಿ ನಿಮ್ಮ ಕೆಲಸವೇನು? ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ: “ಅಜ್ಜಿ, ರೋಸ್ ಈರುಳ್ಳಿ ತಿಂದಿದ್ದೀರಾ?” ಇಲ್ಲ ಅಂದರೆ ಒಂದು ಕಿಲೋ ತರಿಸಿ ಉಪ್ಪಿನಕಾಯಿ ಹಾಕಲು ಹೇಳಿ. ರುಚಿ ಹೇಗಿರುತ್ತದೆ ಅಂತ ಅವರಿಗೆ ವಿವರಿಸುವ ಸರದಿ ಈ ಸಲ ನಿಮ್ಮದು.