ಹೆಸರಿಲ್ಲದ ಋಣ

ಭೂತನಾಳದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ನಮ್ಮ ಬಡಾವಣೆಯ ತಿರುವಿನಲ್ಲಿ, ಈಚೆಗೆ ಉಪಾಹಾರ ಗೃಹವೊಂದು ತೆರೆಯಿತು. ಅಲ್ಲಿ ಮೆಕ್ಸಿಕೊ ದೇಶದ ತಿನಿಸು ದೊರೆಯುತ್ತದೆಂದು ಮೊಮ್ಮಕ್ಕಳು ನನ್ನನ್ನು ಕರೆದರು. ಹೊರಡುವಾಗ ನನ್ನ ಹಿರಿಯಕ್ಕ, “ಪರದೇಶದ ಕೂಳು ನಿನಗೇಕೆ? ಮನೆಯಲ್ಲಿ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ಇಲ್ಲವೆ?” ಎಂದು ಗದರಿದಳು. ತಟ್ಟೆ ಬಂದಾಗ ನೋಡಿದೆ: ಮೆಕ್ಕೆಜೋಳದ ತೆಳು ರೊಟ್ಟಿ, ಒಳಗೆ ಬೆಂದ ಕಾಳು, ಮೇಲೆ ಟೊಮೆಟೊ ಮತ್ತು ಮೆಣಸಿನಕಾಯಿಯ ಚಟ್ನಿ. ಪರದೇಶದ್ದು ಯಾವುದು, ಸ್ವದೇಶದ್ದು ಯಾವುದು ಎಂಬ ಪ್ರಶ್ನೆ ಮೊದಲ ತುತ್ತಿನಲ್ಲೇ ಎದ್ದಿತು.

ಅಕ್ಕ ಹೆಸರಿಸಿದ ಮೂರರಲ್ಲಿ ಯಾವುದೂ ಮೂಲತಃ ಈ ನೆಲದ್ದಲ್ಲ. ಜೋಳ ಬಹು ಹಿಂದೆ ಆಫ್ರಿಕದಿಂದ ಬಂದದ್ದು, ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೊದ್ದು. ಚಾಲುಕ್ಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿಸ್ತಾರವಾದ ವರ್ಣನೆಯಿದೆ, ಮೆಣಸಿನಕಾಯಿ ಮಾತ್ರ ಇಲ್ಲ. ಅಲ್ಲಿ ಖಾರವೆಂದರೆ ಮೆಣಸು, ಶುಂಠಿ.

1510ರಲ್ಲಿ ಪೋರ್ತುಗೀಜರು ಗೋವೆಯನ್ನು ವಿಜಾಪುರದ ಆದಿಲ್‌ಶಾಹಿಯಿಂದ ಕಿತ್ತುಕೊಂಡರು. ರಾಜ್ಯಕ್ಕೆ ಅದು ನಷ್ಟ. ಅಡುಗೆಮನೆಗೆ ಮಾತ್ರ ಹೊಸ ಬಾಗಿಲು ತೆರೆಯಿತು. ಅಮೆರಿಕದ ಬೆಳೆಗಳು ಅವರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು ಘಟ್ಟವನ್ನೇರಿದವು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಕಾಲಕ್ಕೆ, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಕ್ಬರನ ದೂತನಾಗಿ ಬಂದ ಅಸದ್ ಬೇಗನು ಅಮೆರಿಕ ಮೂಲದ ಹೊಗೆಸೊಪ್ಪನ್ನು ಮೊದಲು ಕಂಡದ್ದು ವಿಜಾಪುರದಲ್ಲಿಯೇ. ಅದನ್ನು ಒಯ್ದು ಬಾದಶಹನಿಗೆ ಒಪ್ಪಿಸಿದ ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ.

ಬಂದ ಅತಿಥಿಗಳಿಗೆ ಕನ್ನಡ ಕೊಟ್ಟ ಹೆಸರುಗಳನ್ನು ನೋಡಿ. ಹೊಸ ಕಾಯಿಗೆ ನಮ್ಮ ಮೆಣಸಿನ ಹೆಸರನ್ನೇ ಇಟ್ಟೆವು. ಹಳೆಯ ಮೆಣಸು ತನ್ನ ಗುರುತಿಗಾಗಿ ‘ಕರಿಮೆಣಸು’ ಆಗಬೇಕಾಯಿತು. ಮೆಣಸನ್ನರಸಿ ಹೊರಟ ಕೊಲಂಬಸ್‌ನ ಸ್ಪೇನಿಗರೂ ಇದೇ ಮಾಡಿದರು: ತಮ್ಮ ಭಾಷೆಯ ಮೆಣಸಿನ ಹೆಸರಿನಿಂದಲೇ ಈ ಕಾಯನ್ನು ಕರೆದರು. ಮೆಕ್ಸಿಕೊದ ಕಡೆಯಿಂದ ಬಂದ ಇನ್ನೊಂದು ಹಣ್ಣು ನಮ್ಮಲ್ಲಿ ‘ಪರಂಗಿ’ಯಾಯಿತು, ಹೊತ್ತು ತಂದ ಫರಂಗಿಯ ಹೆಸರು ಅದಕ್ಕೆ ಅಂಟಿತು. ಮೆಕ್ಕೆಜೋಳದ ‘ಮೆಕ್ಕೆ’ ಮಕ್ಕಾ ನಗರದ ನೆನಪೆಂಬ ಅಭಿಪ್ರಾಯವುಂಟು. ನಮ್ಮದೇ ಮೆಣಸನ್ನು ನೆನೆದೆವು, ದಲ್ಲಾಳಿಯನ್ನು ನೆನೆದೆವು, ದಾರಿಯ ಊರನ್ನೂ ನೆನೆದೆವು. ಬೆಳೆದು ಕೊಟ್ಟವನನ್ನು ನೆನೆಯಲಿಲ್ಲ.

ಆ ಬೆಳೆದವನ ಗತಿಯೇನಾಯಿತು? ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು, ನಮ್ಮ ತಾಯಂದಿರು ರೊಟ್ಟಿ ಬಡಿದಂತೆಯೇ ಅಂಗೈಯಲ್ಲಿ ತಟ್ಟಿ ಮಣ್ಣಿನ ಹೆಂಚಿನ ಮೇಲೆ ಸುಡುತ್ತಿದ್ದ ಜನ ಅವರು. 1519ರಲ್ಲಿ ಕೊರ್ಟೆಸ್ ಅವರ ನೆಲಕ್ಕೆ ಬಂದ. ಮರುವರ್ಷ ಸಿಡುಬು ಬಂದಿತು. 1521ರ ಆಗಸ್ಟ್‌ನಲ್ಲಿ ಅವರ ರಾಜಧಾನಿ ತೆನೊಚ್ತಿತ್ಲಾನ್ ಬಿದ್ದಿತು. ಕತ್ತಿಗಿಂತ ಹೆಚ್ಚು ಜನರನ್ನು ರೋಗವೇ ಕೊಂದಿತು. ನಮ್ಮ ಒಲೆಗೆ ಹೊಸ ರುಚಿ ಬಂದ ಶತಮಾನದಲ್ಲಿಯೇ ಆ ರುಚಿಯನ್ನು ಸೃಷ್ಟಿಸಿದವರ ಒಲೆಗಳು ಆರಿದವು.

ಒಂದು ಮಾತು ಮಾತ್ರ ಉಳಿದು ಬಂದಿದೆ. ಅವರ ನಹುವಾಟ್ಲ್ ಭಾಷೆಯ ‘ತೊಮಾತ್ಲ್’ ಸ್ಪೇನಿಗರ ಬಾಯಿಂದ ಇಂಗ್ಲಿಷಿಗೆ, ಅಲ್ಲಿಂದ ನಮ್ಮ ಸಂತೆಗೆ ಬಂದು ‘ಟೊಮೆಟೊ’ ಆಯಿತು. ಅದನ್ನು ಇಂಗ್ಲಿಷ್ ಪದವೆಂದು ಅಚ್ಚಗನ್ನಡದ ಅಭಿಮಾನದಿಂದ ತರಗತಿಯಲ್ಲಿ ಹಳಿದವರಲ್ಲಿ ನಾನೂ ಒಬ್ಬ. ಕೊಟ್ಟವರ ದನಿ ನಮ್ಮ ನಾಲಗೆಯ ಮೇಲೆ ಉಳಿದಿರುವುದು ಆ ಒಂದು ಪದದಲ್ಲಿ ಎಂದು ಆಗ ತಿಳಿದಿರಲಿಲ್ಲ.

ಮನೆಗೆ ಮರಳಿದಾಗ ಅಕ್ಕ ಕೇಳಿದಳು: “ಹೇಗಿತ್ತು ಪರದೇಶದ ಊಟ?” “ನಮ್ಮ ಊಟದ ಹಾಗೆಯೇ ಇತ್ತು, ಖಾರ ಸ್ವಲ್ಪ ಕಡಿಮೆ,” ಎಂದೆ. ಅವಳು ನಕ್ಕು ರೊಟ್ಟಿಯ ಮೇಲೆ ಕೆಂಪು ಖಾರ ಬಡಿಸಿದಳು.